ಕದವಿಕ್ಕಿದ ಕೈ

ಉಟಗಿ
12 ಜನವರಿ 2024

ಬೀರದೇವನಿಗೆ,

ದಾಕ್ಷಾಯಣಿ ಬರೆಯುತ್ತಿದ್ದೇನೆ. ಶ್ರೀಶೈಲಪ್ಪ ಮಾಸ್ತರನ ಮಗಳು ಎಂದರೆ ನಿನಗೆ ಬೇಗ ಗುರುತು ಸಿಗಬಹುದು. ಈಗ ಊರಿನಲ್ಲೂ ನನ್ನನ್ನು ಹಾಗೆಯೇ ಕರೆಯುತ್ತಾರೆ. ದೀಪಾವಳಿಯವರೆಗೆ ಅವರ ಬಾಯಲ್ಲಿ ನಾನು ಅಂಗನವಾಡಿ ಟೀಚರ್ ಆಗಿದ್ದೆ.

ನಿನ್ನ ಹಾಡು ನಮ್ಮ ಕಡೆ ಬಂದು ಎರಡು ತಿಂಗಳಾಯಿತು. ನನ್ನ ಗಂಡ ಶಿವಶರಣ ಜತ್ತಿಗೆ ಜೀಪು ಓಡಿಸುತ್ತಾರೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದನ್ನು ಹಾಕದಿದ್ದರೆ ಮಂದಿ ಸುಮ್ಮನಿರುವುದಿಲ್ಲವಂತೆ. ವಿಜಾಪುರದ ರಿಕ್ಷಾಗಳಲ್ಲಿ, ಸೋಲಾಪುರದ ಚಹಾದಂಗಡಿಗಳಲ್ಲಿ ಅದೇ ಹಾಡು. ಜಾಝ್ ಎಂದರೇನೆಂದು ಗೊತ್ತಿಲ್ಲದ ಮಂದಿ ಆ ಹಾಡಿನೊಂದಿಗೆ ಅಮೆರಿಕದ ಮೂವರು ಜಾಝ್ ವಾದಕರ ಹೆಸರು ಹೇಳಿ ಶರಣೆನ್ನುತ್ತಾರೆ. ನಾಲ್ಕನೆಯ ನುಡಿಯಲ್ಲಿ ಉಟಗಿಯ ಕ್ಲಾರ್ನೆಟ್ ಮಾಸ್ತರ ಬಂದಾಗ ಜೀಪಿನಲ್ಲಿದ್ದವರೆಲ್ಲ ಧ್ವನಿ ಕೂಡಿಸುತ್ತಾರೆ.

ಆ ಮೂರು ಹೆಸರು ನಿನಗೆ ಎಲ್ಲಿಂದ ಸಿಕ್ಕವು ಎಂಬುದು ನೆನಪಿದೆಯೇ ಎಂದು ಕೇಳಬೇಕಿತ್ತು. ಮುಂಬೈಯ ಹೋಟೆಲಿನ ಬ್ಯಾಂಡಿನಲ್ಲಿ ಎರಡು ವರ್ಷ ಊದಿ ಅಪ್ಪ ಊರಿಗೆ ಮರಳಿದಾಗ ಒಂದು ಟೇಪ್ ರೆಕಾರ್ಡರ್, ಮೂರು ಕ್ಯಾಸೆಟ್ಟು ತಂದಿದ್ದ. ಜತೆಗೆ ಊದುತ್ತಿದ್ದ ಗೋವೆಯವನೊಬ್ಬ ಕೊಟ್ಟದ್ದು. ಕ್ಯಾಸೆಟ್ಟಿನ ಮೇಲಿನ ಇಂಗ್ಲಿಷ್ ಅಪ್ಪನಿಗೂ ಬರುತ್ತಿರಲಿಲ್ಲ, ನಿನಗೂ ಬರುತ್ತಿರಲಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದ ನಾನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಕನ್ನಡದಲ್ಲಿ ಚೀಟಿ ಬರೆದು ಡಬ್ಬಿಗಳ ಮೇಲೆ ಅಂಟಿಸಿದೆ. ಅದರಲ್ಲಿ ಒಂದು ಹೆಸರನ್ನು ತಪ್ಪು ಓದಿದ್ದೆ. ನಿನ್ನ ಹಾಡಿನಲ್ಲೂ ಅದು ನನ್ನ ತಪ್ಪಿನಂತೆಯೇ ಇದೆ. ಮೊದಲ ಸಲ ಕೇಳಿದಾಗ ಹಿಟ್ಟು ನಾದುತ್ತಿದ್ದ ಕೈ ನಿಂತಿತು.

ಹಾಡಿನಲ್ಲಿ ಅಪ್ಪನ ಕೆಮ್ಮು ಇದೆ. ನಮ್ಮ ಮನೆಯ ಕಟ್ಟೆ ಇದೆ, ಬೇವಿನ ಗಿಡ ಇದೆ, ಗಿಡಕ್ಕೆ ಕಟ್ಟಿದ್ದ ಆಡು ಕೂಡ ಇದೆ. ನಾನಿಲ್ಲ.

ವೀಡಿಯೊದ ಕೆಳಗೆ ಸ್ಟುಡಿಯೋದ ವಿಳಾಸ ಸಿಕ್ಕಿತು. ನಂಬರೂ ಇತ್ತು, ಆದರೆ ಫೋನ್ ಮಾಡಲಿಲ್ಲ. ನಮ್ಮದು ಎರಡು ಕೋಣೆಯ ಮನೆ, ನಿನ್ನ ಧ್ವನಿ ಕೇಳಿದರೆ ಅಪ್ಪ ಎದ್ದು ಕೂಡುತ್ತಾನೆ. ನೀನೂ ಫೋನ್ ಮಾಡಬೇಡ. ಉತ್ತರ ಬರೆಯುವುದಿದ್ದರೆ ಅಂಗನವಾಡಿಯ ವಿಳಾಸಕ್ಕೆ ಬರೆ.

ದಾಕ್ಷಾಯಣಿ


ಪುಣೆ
3 ಫೆಬ್ರವರಿ 2024

ದಾಕ್ಷಾಯಣಿ ಅಕ್ಕನವರಿಗೆ,

ನಿಮ್ಮ ಕೈಬರಹ ನೋಡಿದ ಕೂಡಲೇ ಗುರುತು ಹಿಡಿದೆ. ಚೀಟಿಗಳ ಮೇಲಿದ್ದ ಅದೇ ದುಂಡಗಿನ ಅಕ್ಷರ. ಆ ಹೆಸರನ್ನು ನಾವು ತಪ್ಪು ಹೇಳುತ್ತೇವೆಂದು ಪುಣೆಗೆ ಬಂದ ಮೇಲೆ ತಿಳಿಯಿತು. ಸ್ಟುಡಿಯೋದ ಸ್ಯಾಕ್ಸೊಫೋನಿನವರು ಬಿದ್ದುಬಿದ್ದು ನಕ್ಕಿದ್ದರು. ಆದರೆ ಮಾಸ್ತರರ ಬಾಯಲ್ಲಿ ಕೇಳಿದ ಹೆಸರನ್ನು ತಿದ್ದಲು ಮನಸ್ಸಾಗಲಿಲ್ಲ. ಚೀಟಿ ಬರೆದವರು ನೀವು ಎಂಬುದನ್ನು ಮರೆತಿರಲಿಲ್ಲ ಅಕ್ಕಾ. ಎಷ್ಟು ತಿರುಗಿಸಿದರೂ ಹಾಡಿಗೆ ಹೊಂದಲಿಲ್ಲ, ಅಷ್ಟೇ.

ಹಾಡು ಇಷ್ಟು ದೂರ ಹೋಗುತ್ತದೆಂದು ನಾನು ತಿಳಿದಿರಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ಮರಾಠಿ ಹಾಡುಗಳ ಹಿಂದೆ ಊದಿದೆ, ಹೆಸರು ಎಲ್ಲೂ ಬರಲಿಲ್ಲ. ಇದೊಂದನ್ನು ಮಾತ್ರ ಕನ್ನಡದಲ್ಲಿ, ನನ್ನ ಸಲುವಾಗಿ ಬರೆದೆ. ಬಿಳೂರಿನ ಕುರಿ ಕಾಯುವವನ ಮಗನ ತುಟಿಗೆ ಕ್ಲಾರ್ನೆಟ್ ಇಟ್ಟವರು ಮಾಸ್ತರರು. ಕ್ಯಾಸೆಟ್ಟಿನಲ್ಲಿ ಒಂದು ಜಾಗ ಬಂದಾಗ ಬೆರಳೆತ್ತಿ, "ಇಲ್ಲಿ ಕೇಳ. ಇಲ್ಲಿ ಇಂವಾ ಏನೂ ಊದವಲ್ಲ. ಇದನ್ನ ಕಲಿ," ಎನ್ನುತ್ತಿದ್ದರು. ಆ ಸುಮ್ಮನಿರುವುದನ್ನು ಕಲಿಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು.

ಒಂದು ಮಾತು ಕೇಳಬೇಕು. ಆರು ವರ್ಷದ ಹಿಂದೆ ಮಾಸ್ತರರಿಗೆ ಲಕ್ವಾ ಹೊಡೆದು ಸಾಂಗಲಿಯ ದವಾಖಾನೆಯಲ್ಲಿದ್ದಾಗ ನಾನು ಬಂದಿದ್ದೆ. ನೀವು ವಾರ್ಡಿನಿಂದ ಹೊರಗೆ ಬಂದು, ಬಾಗಿಲು ಮುಂದಕ್ಕೆ ಮಾಡಿ, "ಅಪ್ಪ ನಿನ್ನ ಮಾರಿ ನೋಡೂದಿಲ್ಲ ಅಂದಾನ, ಹೋಗು," ಎಂದಿರಿ. ಅಂದು ಎಸ್ಟಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಒಂದು ಸಾಲು ಬರೆದೆ. "ಕಲಿಸಿದ ಕೈಯೇ ಕದವಿಕ್ಕಿತಲ್ಲ." ಉಳಿದ ಹಾಡೆಲ್ಲ ಆ ಸಾಲಿನ ಬೆನ್ನು ಹತ್ತಿ ಬಂದದ್ದು.

ನನ್ನಿಂದ ಏನು ತಪ್ಪಾಯಿತು ಅಕ್ಕಾ? ಊರು ಬಿಟ್ಟದ್ದೇ, ಕ್ಲಾರ್ನೆಟ್ ಬಿಟ್ಟು ಸ್ಯಾಕ್ಸೊಫೋನ್ ಹಿಡಿದದ್ದೇ? ಅವರೇನಾದರೂ ಹೇಳಿದ್ದರೆ ತಿಳಿಸಿರಿ. ಅವರು ಹೂಂ ಎಂದರೆ ನಾಳೆಯೇ ಬರುತ್ತೇನೆ.

ನಿಮ್ಮ ತಮ್ಮ
ಬೀರದೇವ


ಉಟಗಿ
20 ಫೆಬ್ರವರಿ 2024

ಬೀರದೇವನಿಗೆ,

ಆಡು ಹೊಂದಿತು, ಬೇವಿನ ಗಿಡ ಹೊಂದಿತು, ನಾನು ಹೊಂದಲಿಲ್ಲ. ಒಳ್ಳೆಯದು.

ಇಲ್ಲಿಯ ಸುದ್ದಿ ಕೇಳು. ಗುಡ್ಡಾಪುರದ ದಾನಮ್ಮನ ದರ್ಶನಕ್ಕೆ ಬಂದವರು ಈಗ ಗಾಡಿ ತಿರುಗಿಸಿ ನಮ್ಮ ಮನೆಗೂ ಬರುತ್ತಾರೆ. ಅಪ್ಪನ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ. ಬೆಳಿಗ್ಗೆ ಅವನಿಗೆ ಮೈ ತೊಳೆಸಿ, ಅಂಗಿ ಹಾಕಿ, ರೊಟ್ಟಿ ಹಾಲಿನಲ್ಲಿ ನೆನೆಸಿ ತಿನ್ನಿಸಿ, ಅಂಗನವಾಡಿಗೆ ಓಡುವವಳು ನಾನು. ಬಂದವರು ನನ್ನ ಕೈಗೆ ಮೊಬೈಲು ಕೊಟ್ಟು, "ಒಂದು ಫೋಟೊ ತಗೀರಿ ಬಾಯಾರ," ಎನ್ನುತ್ತಾರೆ. ತೆಗೆಯುತ್ತೇನೆ.

ಅಪ್ಪನ ಬಲಗೈ ಇನ್ನೂ ಏಳುವುದಿಲ್ಲ. ಮಾತು ತೊದಲಿದರೂ ತಿಳಿಯುತ್ತದೆ. ದಿನಕ್ಕೆ ಎಷ್ಟು ಸಲ ನಿನ್ನ ಹಾಡು ಹಾಕಬೇಕೋ ಲೆಕ್ಕವಿಲ್ಲ. ನಾನು ಎದುರಿಗೆ ನಿಂತು ಔಷಧ ಕುಡಿ ಎಂದರೂ ಕೈ ಎತ್ತಿ ಸುಮ್ಮನಿರು ಎನ್ನುತ್ತಾನೆ, ಹಾಡು ಮುಗಿಯಬೇಕು.

ನೀನು ಬರುವುದು ಬೇಡ. ಆಯಾಸ ತಡೆಯುವುದಿಲ್ಲ ಅವನಿಗೆ.

ದಾಕ್ಷಾಯಣಿ


ಪುಣೆ
5 ಮಾರ್ಚ್ 2024

ಅಕ್ಕನವರಿಗೆ,

ಬರುವುದಿಲ್ಲ. ಆದರೆ ನಾನು ಕೇಳಿದ ಒಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ನೀವು ಉತ್ತರ ಬರೆದಿದ್ದೀರಿ.

ಮೊನ್ನೆ ಒಬ್ಬರು ಹಾಡಿನ ವೀಡಿಯೊದ ಕೆಳಗೆ, ಶಿಷ್ಯನಿಗೆ ಬಾಗಿಲು ಹಾಕಿದವನು ಯಾವ ಸೀಮೆಯ ಗುರು ಎಂದು ಬರೆದಿದ್ದರು. ಅದರ ಕೆಳಗೆ ಇನ್ನೂ ನೂರಾರು ಮಂದಿ ಮಾಸ್ತರರನ್ನು ಬೈದಿದ್ದಾರೆ. ಓದಿ ಊಟ ಸೇರಲಿಲ್ಲ. ನಾನು ದುಃಖಕ್ಕೆ ಬರೆದದ್ದು, ಅವರ ಮೇಲೆ ದೂರು ಹೇಳಲು ಅಲ್ಲ. ಇಂಥ ಮಾತು ಮನೆಯವರೆಗೂ ಬಂದಿದೆಯೇ? ಇದೊಂದನ್ನಾದರೂ ತಿಳಿಸಿರಿ.

ಬೀರದೇವ


ಉಟಗಿ
2 ಏಪ್ರಿಲ್ 2024

ಬೀರು,

ಬಂದಿದೆ. ಹೋದ ವಾರ ಮಿರಜಿನಿಂದ ಬಂದಿದ್ದ ಗಂಡ ಹೆಂಡತಿ ಅಪ್ಪನ ಕಾಲು ಮುಟ್ಟಿ ನಮಸ್ಕಾರ ಮಾಡಿದರು. ಏಳುವಾಗ ಆ ಹೆಣ್ಣುಮಗಳು, ಅಷ್ಟು ಪ್ರೀತಿಯ ಶಿಷ್ಯನನ್ನು ಹಾಗೆ ಹೊರಗೆ ಹಾಕಬಾರದಿತ್ತು ಅಜ್ಜಾ ಎಂದಳು. ಅಪ್ಪ ನನ್ನ ಕಡೆ ತಿರುಗಿ, "ನಾ ಯಾವಾಗ ಹೊರಗ ಹಾಕಿದೆ?" ಎಂದು ಕೇಳಿದ. ಹಾಡಿನ ಆ ಸಾಲು ಲಕ್ವಾ ಹೊಡೆದ ತನ್ನ ಕೈಯ ಬಗ್ಗೆ ಎಂದೇ ಅವನು ಅಲ್ಲಿಯವರೆಗೆ ತಿಳಿದಿದ್ದ. ಅವರು ಹೋದ ಮೇಲೂ ಕೇಳಿದ. ಅಂದಿನಿಂದ ದಿನವೂ ಕೇಳುತ್ತಾನೆ. ಲಕ್ವಾದಿಂದ ತನ್ನ ತಲೆ ಕೆಟ್ಟು, ತಾನೇ ಏನೋ ಅಂದು ಮರೆತಿದ್ದೇನೆಂದು ಹೆದರಿದ್ದಾನೆ. ನಿನ್ನೆ ಕಣ್ಣೀರು ಹಾಕಿದ.

ಅವನು ಅಂದಿಲ್ಲ ಬೀರು. ನಾನು ಅಂದದ್ದು.

ದವಾಖಾನೆಯಲ್ಲಿ ನಾಲ್ಕು ದಿನ ಅವನಿಗೆ ಮಾತಿರಲಿಲ್ಲ. ಹೇಲು ಉಚ್ಚೆ ಬಳಿದೆ, ತುಟಿಗೆ ನೀರು ಹನಿಸಿದೆ, ಕಿವಿಯಲ್ಲಿ ಅಪ್ಪಾ ಅಪ್ಪಾ ಎಂದು ಕರೆದೆ. ಐದನೆಯ ದಿನ ಬಾಯಿ ಬಿಟ್ಟ. ನಾನು ಬಗ್ಗಿ ಕಿವಿ ಕೊಟ್ಟೆ. "ಬೀರ್ಯಾ ಬಂದನೇನ?" ಎಂದ. ಮೊದಲ ಮಾತು ಅದು. ನಾನು ಎದುರಿಗಿದ್ದೆ, ನನ್ನ ಕೈ ಅವನ ಎದೆಯ ಮೇಲಿತ್ತು.

ಕಣ್ಣೊರೆಸಿಕೊಂಡು ಹೊರಗೆ ಬಂದರೆ ನೀನು ಎಳನೀರು ಹಿಡಿದು ನಿಂತಿದ್ದೆ. ನಿನ್ನನ್ನು ಕಂಡಾಗ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಆ ಮಾತು ಯೋಚಿಸಿ ಆಡಿದ್ದಲ್ಲ. ಆದರೆ ನೀನು ಹತ್ತು ಹೆಜ್ಜೆ ಹೋಗುವುದರೊಳಗೆ ಕರೆಯಬಹುದಿತ್ತು. ಗೇಟಿನವರೆಗೂ ನೀನು ಮೂರು ಸಲ ತಿರುಗಿ ನೋಡಿದೆ. ನಾನು ನೋಡುತ್ತ ನಿಂತೆ. ಒಳಗೆ ಹೋಗಿ ಅಪ್ಪನಿಗೆ, ಅವನಿಗೆ ಪುಣೆಯಿಂದ ಬರಲು ಬಿಡುವಿಲ್ಲವಂತೆ ಎಂದೆ. ಆಮೇಲೆ ಅವನು ಫೋನ್ ಹಚ್ಚು ಎಂದಾಗಲೆಲ್ಲ ನಿನ್ನ ನಂಬರ್ ಹತ್ತುವುದಿಲ್ಲ ಎಂದೆ. ಆರು ವರ್ಷ ಹೀಗೇ ಹೇಳಿದೆ. ಅವನು ನಂಬಿದ.

ನಿನ್ನ ಹಾಡು ಹುಟ್ಟಿದ್ದು ನನ್ನ ಸುಳ್ಳಿನಿಂದ. ಇದನ್ನು ತಿಳಿದವಳು ನಾನೊಬ್ಬಳೇ ಎಂದು ಒಳಗೊಳಗೆ ಒಂದು ಗರ್ವವೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಹಾಡಿನಲ್ಲಿ ನನ್ನ ಹೆಸರಿಲ್ಲದಿದ್ದರೂ ಆ ಸಾಲು ನನ್ನದು ಎಂದುಕೊಂಡಿದ್ದೆ.

ನೀನು ಏನು ಬೇಕಾದರೂ ಬರೆ. ಓದುತ್ತೇನೆ.

ದಾಕ್ಷಾಯಣಿ


ಪುಣೆ
19 ಜೂನ್ 2024

ದಾಕ್ಷಾಯಣಿ ಅಕ್ಕನವರಿಗೆ,

ನಿಮ್ಮ ಪತ್ರ ಏಪ್ರಿಲ್ ತಿಂಗಳಲ್ಲೇ ಮುಟ್ಟಿತು. ಉತ್ತರ ಬರೆಯಬಾರದೆಂದಿದ್ದೆ.

ಆರು ವರ್ಷ, ಅಕ್ಕಾ. ಪ್ರತಿ ಕಾರ್ಯಕ್ರಮದಲ್ಲಿ ವಾದ್ಯ ತುಟಿಗೆ ಇಡುವ ಮುಂಚೆ ಮಾಸ್ತರರ ನೆನಪಾಗುತ್ತಿತ್ತು, ಅದರ ಹಿಂದೆಯೇ ಆ ಬಾಗಿಲು ನೆನಪಾಗುತ್ತಿತ್ತು. ನನ್ನ ಅವ್ವ ತೀರಿಕೊಂಡಾಗ ಬಿಳೂರಿಗೆ ಬಂದಿದ್ದೆ. ಉಟಗಿಯ ಬಸ್ಸು ಎದುರಿಗೆ ನಿಂತಿತ್ತು, ಹತ್ತಲಿಲ್ಲ. ಬೇಡವೆಂದವರ ಮನೆಗೆ ಹೇಗೆ ಹೋಗಲಿ ಎಂದುಕೊಂಡೆ. ಆಗ ಅವರು ನನಗಾಗಿ ದಾರಿ ನೋಡುತ್ತಿದ್ದರು. ಇದನ್ನು ಕ್ಷಮಿಸಿದೆ ಎಂದು ಬರೆಯಲು ಈಗ ನನ್ನಿಂದ ಆಗುವುದಿಲ್ಲ. ಬರೆದರೆ ಸುಳ್ಳಾದೀತು.

ಸುಳ್ಳಿನ ಮಾತು ಬಂದದ್ದರಿಂದ ನನ್ನದೂ ಒಂದನ್ನು ಹೇಳುತ್ತೇನೆ. ನೀವು ಹಾಡಿಗೆ ಹೊಂದಲಿಲ್ಲ ಎಂದು ಬರೆದಿದ್ದೆನಲ್ಲ, ಅದು ನಿಜವಲ್ಲ. ಬೇಕೆಂದೇ ಬಿಟ್ಟೆ.

ಕಟ್ಟೆಯ ಮೇಲೆ ಕೂತು ನಾನು ತುಟಿ ಹರಿಯುವಂತೆ ಊದುತ್ತಿದ್ದರೆ, ಒಳಗೆ ನೀವು ರೊಟ್ಟಿ ಬಡಿಯುತ್ತ ಅದೇ ಕ್ಯಾಸೆಟ್ಟಿನದನ್ನು ಗುಣುಗುಣಿಸುತ್ತಿದ್ದಿರಿ. ನಾನು ತಪ್ಪಿದಾಗೆಲ್ಲ ಮಾಸ್ತರರು ಒಳಗೆ ಕೈ ಮಾಡಿ, "ಆಕಿ ನೋಡ, ಒಲಿ ಮುಂದ ಕುಂತು ಹ್ಯಾಂಗ ಸುರ ಹಿಡದಾಳ. ನಿನಗ ಯಾಕ ಬರವಲ್ದು?" ಎನ್ನುತ್ತಿದ್ದರು. ಒಂದು ದಿನವಲ್ಲ, ಹದಿನಾಲ್ಕು ವರ್ಷ. ನನಗೆ ಬೆವರು ಸುರಿಸಿದರೂ ಬಾರದ್ದು ನಿಮಗೆ ಹಿಟ್ಟಿನ ಕೈಯಲ್ಲೇ ಬರುತ್ತಿತ್ತು. ಪಾಠ ಮುಗಿದ ಮೇಲೆ ನಾನು ಸೈಕಲ್ಲು ಹತ್ತಿ ಕುರಿಗಳ ಕಡೆ ಹೋಗುತ್ತಿದ್ದೆ, ನೀವು ಅವರ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಿರಿ. ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಿತ್ತೆಂದರೆ, ಹಾಡು ಬರೆಯುವಾಗ ಇಲ್ಲಿಯಾದರೂ ಮಾಸ್ತರರು ನನಗೊಬ್ಬನಿಗೇ ಇರಲಿ ಎಂದುಕೊಂಡೆ.

ಈಗ ನನ್ನದೊಂದು ಮಾತು. ಮಾಸ್ತರರಿಗೆ ನೀವೇ ಹೇಳಬೇಕು. ತಲೆ ಕೆಟ್ಟಿದೆ ಎಂದು ಅವರು ಒಂದು ದಿನವೂ ಹೆದರಬಾರದು. ನೀವು ಹೇಳಿದಿರಿ ಎಂದು ತಿಳಿಯುವವರೆಗೆ ನಾನು ಬರುವುದಿಲ್ಲ.

ಬೀರದೇವ


ಉಟಗಿ
8 ಜುಲೈ 2024

ಬೀರು,

ಹೇಳಿದೆ.

ಶಿವಶರಣರು ಜೀಪು ತೆಗೆದುಕೊಂಡು ಹೋದ ಮೇಲೆ, ಅಪ್ಪನ ಗಡ್ಡ ಹೆರೆಯುತ್ತ ಹೇಳಿದೆ. ಅವನು ತಲೆ ಅಲುಗಾಡಿಸಬಾರದಲ್ಲ, ಎದ್ದು ಹೋಗಲೂ ಆಗದಲ್ಲ, ಅದಕ್ಕೇ ಆ ಹೊತ್ತು ಆರಿಸಿಕೊಂಡೆ. ಹೇಡಿತನವೇ ಸರಿ. ಪೂರ್ತಿ ಕೇಳಿದ. ಕೇಳಿದ ಮೇಲೆ, "ಹಂಗಾದ್ರ ನನ್ನ ತಲಿ ನೆಟ್ಟಗ ಐತಿ," ಎಂದ. ಆದರೆ ಎರಡು ದಿನ ನನ್ನ ಕೈಯಿಂದ ಉಣ್ಣಲಿಲ್ಲ. ಶಿವಶರಣರು ಉಣಿಸಿದರು. ಅವರಿಗೂ ಎಲ್ಲ ಹೇಳಿದ್ದೆ. ಅವರು ಏನೂ ಬೈಯಲಿಲ್ಲ, ಜೀಪಿನಲ್ಲಿ ಮಾತ್ರ ಆ ಹಾಡು ಹಾಕುವುದನ್ನು ಬಿಟ್ಟರು.

ಮೂರನೆಯ ದಿನ ತಟ್ಟೆ ಹಿಡಿದು ನಾನೇ ಕೂತೆ. ಬಾಯಿ ತೆರೆದ. ನಿನ್ನ ಪತ್ರದಲ್ಲಿದ್ದದ್ದು ನನ್ನನ್ನು ತಿನ್ನುತ್ತಿತ್ತು. ಕೇಳಿಯೇಬಿಟ್ಟೆ. "ನಂಗ ಸುರ ಬರತೈತಿ ಅಂತ ಬೀರೂನ ಮುಂದ ಅಂತಿದ್ದಿಯಂತಲ್ಲಪಾ. ಹಂಗಾದ್ರ ನಂಗ್ಯಾಕ ಕಲಿಸಲಿಲ್ಲ?"

ತುತ್ತು ನುಂಗಿ ನನ್ನ ಮುಖ ನೋಡಿದ. ಕಾರಣ ಹುಡುಕುತ್ತಿದ್ದಾನೆಂದುಕೊಂಡೆ. ಕೊನೆಗೆ, "ಕಲಿಸಬೇಕು ಅನ್ನೂದು ನನಗ ಹೊಳೀಲೇ ಇಲ್ಲವಾ," ಎಂದ.

ಕ್ಲಾರ್ನೆಟ್ ಹಿಡಿದ ಹೆಣ್ಣುಮಗಳಿಗೆ ಊರು ಏನೆಂದೀತು ಎಂಬ ಹೆದರಿಕೆಯಿಂದ ಅಪ್ಪ ನನ್ನನ್ನು ದೂರ ಇಟ್ಟ ಎಂದು ಇಷ್ಟು ವರ್ಷ ತಿಳಿದಿದ್ದೆ. ಊರಿನ ಮೇಲೆ ಸಿಟ್ಟಿತ್ತು, ನಿನ್ನ ಮೇಲೆ ಸಿಟ್ಟಿತ್ತು. ಯಾರೂ ತಡೆದಿರಲೇ ಇಲ್ಲ. ಯಾರಿಗೂ ಹೊಳೆದಿರಲಿಲ್ಲ. ನಾನೂ ಒಂದು ದಿನ ಬಾಯಿಬಿಟ್ಟು ಕೇಳಿರಲಿಲ್ಲ. ತಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋಗಿ ಅತ್ತೆ. ಬಂದು ಉಳಿದ ರೊಟ್ಟಿ ತಿನ್ನಿಸಿದೆ.

ನಿನ್ನನ್ನು ಕರೆಯಲು ಹೇಳಿದ್ದಾನೆ. ಬಾ.

ದಾಕ್ಷಾಯಣಿ


ಪುಣೆ
30 ಆಗಸ್ಟ್ 2024

ಅಕ್ಕನವರಿಗೆ,

ಸೆಪ್ಟೆಂಬರ್ 22, ರವಿವಾರ ಸಂಜೆ ಜತ್ತಿನಲ್ಲಿ ನನ್ನ ಕಾರ್ಯಕ್ರಮ ಗೊತ್ತಾಗಿದೆ. ಅಂದು ಬೆಳಿಗ್ಗೆ ಮೊದಲು ಉಟಗಿಗೆ ಬರುತ್ತೇನೆ. ಶಿವಶರಣ ಮಾವನವರು ಜೀಪಿನಲ್ಲಿ ಮಾಸ್ತರರನ್ನು ಜತ್ತಿಗೆ ಕರೆತರಲು ಒಪ್ಪಿದರೆ ಮುಂದಿನ ಸಾಲಿನಲ್ಲಿ ಜಾಗ ಇಡಿಸುತ್ತೇನೆ.

ಮಂದಿಯ ಮೊಬೈಲುಗಳಿಗೆ ಹೋದ ಹಾಡನ್ನು ಮರಳಿ ತರಲಾಗದು. ಆದರೆ ಆ ಸಾಲು ಬಂದಾಗ ಹಾಡು ನಿಲ್ಲಿಸಿ, ಅದು ನಿಜವಲ್ಲ ಎಂದು ಜತ್ತಿನ ಮಂದಿಯ ಮುಂದೆ ಹೇಳುತ್ತೇನೆ. ನಿಮ್ಮ ಹೆಸರು ಹೇಳುವುದಿಲ್ಲ. ಇದು ನನ್ನ ಮಾತು.

ಬೀರದೇವ


ಉಟಗಿ
25 ಸೆಪ್ಟೆಂಬರ್ 2024

ಬೀರು,

ರವಿವಾರ ಸಂಜೆಯದನ್ನು ವೇದಿಕೆಯ ಮೇಲಿಂದ ನೀನು ಅರ್ಧವೇ ನೋಡಿದ್ದೀ. ಆಮೇಲೆ ಆ ಗದ್ದಲದಲ್ಲಿ ಮಾತಾಡಲೂ ಆಗಲಿಲ್ಲ. ಉಳಿದರ್ಧ ಬರೆಯುತ್ತೇನೆ.

ಬೆಳಿಗ್ಗೆ ನೀನು ಹೊಸ್ತಿಲು ದಾಟಿ ಬಂದಾಗ ಅಪ್ಪ ಎಡಗೈಯಲ್ಲಿ ನಿನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ನೀನು ಅವನ ಮಡಿಲಲ್ಲಿ ತಲೆಯಿಟ್ಟು ಅತ್ತೆ. ನಾನು ಚಹಾ ಹಿಡಿದು ನಿಂತಿದ್ದೆ. ಎಲ್ಲ ಹೇಳಿಯಾದ ಮೇಲೆ ಮನಸ್ಸು ಹಗುರಾಗಿರುತ್ತದೆ ಎಂದುಕೊಂಡಿದ್ದೆ. ಆಗಿರಲಿಲ್ಲ. ನನ್ನ ಬೆರಳುಗಳನ್ನು ಅವನು ಎಂದೂ ಹಾಗೆ ನೋಡಿರಲಿಲ್ಲ. ಅದೇ ಹಳೆಯ ಬೆಂಕಿ. ಚಹಾ ಕೊಟ್ಟೆ, ನೀನು ಕುಡಿದು ಚಲೋ ಆಗಿದೆ ಎಂದೆ.

ಸಂಜೆ ನಾಲ್ಕನೆಯ ನುಡಿಯ ಹತ್ತಿರ ಬಂದು ನೀನು ಕೈ ಎತ್ತಿ ವಾದ್ಯಗಳನ್ನು ನಿಲ್ಲಿಸಿದೆ. "ಮಾಸ್ತರ ನನಗ ಬಾಗಲಾ ಹಾಕಿಲ್ಲ. ಯಾರೋ ನನಗ ತಪ್ಪು ಹೇಳಿದ್ರು, ನಾ ನಂಬಿದೆ," ಎಂದೆ. ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಪ್ಪ ಅಳುತ್ತಿದ್ದ. ನನ್ನ ಹಿಂದೆ ಕೂತ ದುಂಡವ್ವ, ನಮ್ಮ ಓಣಿಯವಳೇ, ಯಾವ ಪಾಪಿ ಹಾಗೆ ಹೇಳಿತೋ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ನೀನು ಮಾತು ಉಳಿಸಿಕೊಂಡೆ. ನನ್ನನ್ನು ಕಾಪಾಡಿದೆ. ಅದು ನನಗೆ ತಿಳಿಯುತ್ತದೆ. ಆದರೆ ಆ "ಯಾರೋ" ಎಂಬ ಮಾತು ಬಿದ್ದ ಕೂಡಲೇ ನನಗೆ ಏನಾಯಿತೆಂದು ಹೇಗೆ ಬರೆಯಲಿ. ಚೀಟಿ ಬರೆದವಳೂ ಯಾರೋ, ಸುಳ್ಳು ಹೇಳಿದವಳೂ ಯಾರೋ. ಕೆಟ್ಟವಳೆಂದಾದರೂ ನನ್ನ ಹೆಸರು ಇರಲಿ ಎನ್ನಿಸಿತು. ಎದ್ದು ನಿಂತೆ. "ಆ ಯಾರೋ ನಾನು," ಎಂದೆ. ವಾದ್ಯಗಳು ಮತ್ತೆ ಶುರುವಾಗಿದ್ದವು. ದುಂಡವ್ವನಿಗೂ ಕೇಳಿಸಲಿಲ್ಲ, ಕಾಣುವುದಿಲ್ಲ ಕುಂದ್ರು ಎಂದು ನನ್ನ ಸೀರೆ ಎಳೆದಳು. ಶಿವಶರಣರು ತಲೆ ತಗ್ಗಿಸಿದರು.

ಕೇಳಿಸಿದ್ದು ಪಕ್ಕದಲ್ಲಿ ಕೂತಿದ್ದ ಅಪ್ಪನಿಗೆ. ತಿರುಗಿ ನೋಡಿದ. ಕೂತುಕೋ ಎನ್ನುತ್ತಾನೆಂದುಕೊಂಡೆ. ಅವನು ಎಡಗೈ ಚಾಚಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟ.

"ಗಂಟಲಿಂದ ಹೇಳಬ್ಯಾಡ. ಇಲ್ಲಿಂದ ಹೇಳು. ಮೊದಲ ಉಸಿರು ತುಂಬಿಕೋ," ಎಂದ.

ತುಂಬಿಕೊಂಡೆ. ಅಂಗೈ ತೆಗೆಯದೆ ಕಾದ. ಸಾಕಾಗಲಿಲ್ಲವೆಂದು ತಲೆ ಅಲ್ಲಾಡಿಸಿದ. ಇನ್ನಷ್ಟು ಎಳೆದುಕೊಂಡೆ. ಹೂಂ ಎಂದ. ಆಗ ಹೇಳಿದೆ. ನೀನು ಹಾಡು ಬಿಟ್ಟು ತಿರುಗಿ ನೋಡಿದ್ದು ಅದಕ್ಕೆ.

ಮಂದಿ ಅಂದದ್ದನ್ನೆಲ್ಲ ನೀನೂ ಕೇಳಿದ್ದೀ. ಈ ಮೂರು ದಿನದಲ್ಲಿ ಓಣಿಯಲ್ಲಿ ಇನ್ನೂ ಹೆಚ್ಚು ಕೇಳಿದ್ದೇನೆ. ಅಂಗನವಾಡಿಗೆ ಮಕ್ಕಳನ್ನು ಬಿಡಲು ಬಂದ ಇಬ್ಬರು ತಾಯಂದಿರು ನನ್ನ ಜತೆ ಮಾತಾಡಲಿಲ್ಲ. ಆಡಲಿ ಬಿಡಲಿ.

ನಿನಗೆ ಅವನು ಹದಿನಾಲ್ಕು ವರ್ಷ ಕಲಿಸಿದ. ನನಗೆ ಕಲಿಸಿದ್ದು ಇಷ್ಟು.

ಇದನ್ನು ಹಾಡು ಮಾಡಬೇಡ, ಬೀರು. ಇದು ನನಗಿರಲಿ.

ನಿನ್ನ ಅಕ್ಕ
ದಾಕ್ಷಾಯಣಿ